ಹೊಂದಿಕೊಳ್ಳುವುದು ಎಂದರೆ ಅಡಗಿಕೊಳ್ಳುವುದೇ?

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿ. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ವತಃ ಕೃಷ್ಣದೇವರಾಯ ದಂಡೆತ್ತಿ ಬರಬೇಕಾದಷ್ಟು ಬಲ ಅದರ ಅರಸರಿಗಿತ್ತು. ಅಂಥ ಊರಿನಿಂದ ಮೈಸೂರಿನ ವಿಶ್ವವಿದ್ಯಾಲಯಕ್ಕೆ ಬರುವ ವಿದ್ಯಾರ್ಥಿ, 'ಯಾವೂರು?' ಎಂದು ಯಾರಾದರೂ ಕೇಳಿದರೆ 'ಇಲ್ಲೇ, ಮೈಸೂರಿನ ಹತ್ತಿರ' ಎಂದು ಮಾತು ಮುಗಿಸುವುದುಂಟು. ಇದು ಸುಳ್ಳೇನಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಇಷ್ಟು ಮರೆಮಾಚುವುದು ತಪ್ಪೇ?

ಹೊಂದಿಕೊಳ್ಳುವುದರಲ್ಲಿ ಎರಡು ಬಗೆಯಿದೆ. ಗ್ರಂಥಾಲಯ ಬಳಸುವುದು, ಇಂಗ್ಲಿಷ್ ಪಠ್ಯ ಓದುವುದು, ಬೇರೆ ಜಾತಿ-ಧರ್ಮದವರೊಂದಿಗೆ ಒಂದೇ ಕೋಣೆಯಲ್ಲಿ ಬಾಳುವುದು, ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದು - ಇವು ಕಲಿಕೆ. ಇವುಗಳಿಂದ ಮನುಷ್ಯ ಬೆಳೆಯುತ್ತಾನೆ. ನಾಲಿಗೆಯ ಮೇಲಿನ ಸೊಗಡನ್ನು ನುಂಗಿಕೊಳ್ಳುವುದು, ತಂದೆಯ ಕೂಲಿ ಕೆಲಸವನ್ನು ಹೇಳದಿರುವುದು, ಹೆಸರು ಹೇಳಲು ಹಿಂಜರಿಯುವುದು - ಇವು ಕಲಿಕೆಯಲ್ಲ, ಅಡಗಿಕೊಳ್ಳುವಿಕೆ. ಇವುಗಳಿಂದ ಮನುಷ್ಯ ಕುಗ್ಗುತ್ತಾನೆ.

ಹಾಸ್ಟೆಲುಗಳಲ್ಲಿ ನಗೆಗೀಡಾಗುವ ಚಾಮರಾಜನಗರ-ನಂಜನಗೂಡು ಸೀಮೆಯ ಆಡುಮಾತಿನಲ್ಲೇ ದೇವನೂರ ಮಹಾದೇವರು 'ಕುಸುಮಬಾಲೆ' ಬರೆದರು. ಆ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಮಲೆನಾಡಿನ ಹುಡುಗ ಪುಟ್ಟಪ್ಪನಿಗೆ ತಾಯ್ನುಡಿಯಲ್ಲಿ ಬರೆಯಲು ಹೇಳಿದವರು ಐರಿಶ್ ಕವಿ ಜೇಮ್ಸ್ ಕಸಿನ್ಸ್. ಆತ ಕನ್ನಡಕ್ಕೆ ಬಂದರೂ ಇಂಗ್ಲಿಷ್ ಓದನ್ನು ಬಿಡಲಿಲ್ಲ. ಮುಂದೆ 1956ರಲ್ಲಿ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಹೊಸದನ್ನು ಪಡೆಯಲು ತನ್ನದನ್ನು ಬಿಟ್ಟುಕೊಡಬೇಕಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ?

ಆದರೆ ಹೆದರಿ ಮೌನವಾಗಿರುವವನನ್ನು ಅಪರಾಧಿಯೆಂದು ಕರೆಯುವುದು ನ್ಯಾಯವಲ್ಲ. ಧೈರ್ಯದ ಹೊರೆಯನ್ನೆಲ್ಲ ದುರ್ಬಲನ ಹೆಗಲಿಗೇ ಹೊರಿಸಿ, ನಕ್ಕವರನ್ನು ಬಿಟ್ಟುಬಿಡುವುದು ಎಂಥ ನೀತಿ? ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳು ಹೊಸ ವಿದ್ಯಾರ್ಥಿಯನ್ನು ಮಾತಿನಿಂದ ಗೇಲಿ ಮಾಡುವುದನ್ನೂ ರ್‍ಯಾಗಿಂಗ್ ಎಂದೇ ಪರಿಗಣಿಸುತ್ತವೆ. ಆದರೂ ಉಚ್ಚಾರಣೆ ಕೇಳಿ ತುಟಿಯಂಚಿನಲ್ಲಿ ಮೂಡುವ ನಗುವನ್ನು ಯಾವ ನಿಯಮವೂ ಹಿಡಿಯಲಾರದು. ಅದನ್ನು ತಡೆಯಬೇಕಾದದ್ದು ಪಕ್ಕದಲ್ಲಿ ಕುಳಿತ ಸಹಪಾಠಿಯ ಮನಸ್ಸಾಕ್ಷಿ, ಎದುರಿಗೆ ನಿಂತ ಅಧ್ಯಾಪಕರ ಒಂದು ಮಾತು. ಹೊಂದಿಕೊಳ್ಳುವ ಕರ್ತವ್ಯ ಬಂದವನಿಗಷ್ಟೇ ಅಲ್ಲ, ಬರಮಾಡಿಕೊಳ್ಳುವವರಿಗೂ ಇದೆ.

ಇನ್ನೊಂದು ಅಪಾಯವೂ ಇದೆ. ನಗೆಗೀಡಾದವನು ಕ್ರಮೇಣ ನಗುವವರ ಸಾಲಿಗೆ ಸೇರಿಬಿಡುತ್ತಾನೆ. ರಜೆಯಲ್ಲಿ ಊರಿಗೆ ಹೋದಾಗ ತಾಯಿಯ ಮಾತನ್ನು ತಿದ್ದುತ್ತಾನೆ. ಮರುವರ್ಷ ಹಾಸ್ಟೆಲಿಗೆ ಬಂದ ಹೊಸಬನ ಉಚ್ಚಾರಣೆಗೆ ತಾನೇ ನಗುತ್ತಾನೆ. ಅವಮಾನ ಕೈಯಿಂದ ಕೈಗೆ ಸಾಗುವುದು ಹೀಗೆಯೇ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಸೀಮೆಯ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡುವ ಹುಡುಗಿಯನ್ನು ನೋಡಿ. ಒಂದನ್ನು ಕಲಿಯಲು ಇನ್ನೊಂದನ್ನು ಕೊಲ್ಲಬೇಕೆಂದು ಆಕೆಗೆ ಯಾರೂ ಕಲಿಸಿಲ್ಲ. ಓದು ಸರಿದಾರಿಯಲ್ಲಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಸಾಕು: ಹೊಸ ಗೆಳೆಯರನ್ನು ಸಂಕೋಚವಿಲ್ಲದೆ ಮನೆಗೆ ಕರೆದೊಯ್ಯಬಲ್ಲೆವೇ? ಹೌದು ಎನ್ನಬಲ್ಲವರು ನಿಜಕ್ಕೂ ಹೊಂದಿಕೊಂಡಿದ್ದಾರೆ.