ಹಿರಿಯನ ಪತ್ರವೂ ಕಿರಿಯನ ಕೈಯೂ



ಚಿತ್ತವಾಡ್ಗಿಯ ನಮ್ಮ ಮನೆಗೆ ನೆರೆಹಳ್ಳಿಯಿಂದ ಒಂದು ಪತ್ರವು ಬಂದಿತ್ತು. ಅಲ್ಲಿಯ ಸಭೆಯಲ್ಲಿ ಗಾಯನವನ್ನು ನಡಿಸುವ ಯೌವನಸ್ಥನು, “ಅಯ್ಯನವರೇ, ನಾನು ತಾಳ ಹಾಕಿದರೆ ಸಭೆಯವರು ಹಿಂದೆ ಬೀಳುತ್ತಾರೆ. ಈ ಕೆಲಸವನ್ನು ಬಿಟ್ಟುಬಿಡಲೇ?” ಎಂದು ಕೇಳಿದ್ದನು. ನಾವು ಉತ್ತರ ಬರೆಯದೆ ಮೂರು ವಾರಗಳನ್ನು ಕಳೆದೆವು. ಸಮಯವಿಲ್ಲದ್ದರಿಂದಲ್ಲ, ನಮ್ಮ ತಾಳವೂ ಅನೇಕ ಸಾರಿ ತಪ್ಪಿತೆಂದು ಒಪ್ಪಿಕೊಳ್ಳಲು ನಾಚಿದ್ದರಿಂದಲೇ.

ಆಗ ಗುಸ್ತಾವ್ ಮಾಲರ್ ಎಂಬವರ ಚರಿತ್ರೆಯು ನಮ್ಮ ನೆನಪಿಗೆ ಬಂದಿತು. ಹಿಂದೆ ಮೈಸೂರು ಅರಮನೆಯಲ್ಲಿಯೂ ಇದ್ದಂಥ ಪಾಶ್ಚಾತ್ಯ ವಾದ್ಯಮೇಳಕ್ಕೆ ಒಬ್ಬ ನಿರ್ದೇಶಕನಿರುವನು. ಅವನು ತಾನು ಯಾವ ವಾದ್ಯವನ್ನೂ ನುಡಿಸದೆ, ಚಿಕ್ಕ ಕೋಲನ್ನು ಹಿಡಿದು ಎಲ್ಲರನ್ನೂ ಒಂದೇ ಲಯದಲ್ಲಿ ನಡಿಸುವನು. ಮಾಲರರು ಯುರೋಪಿನಲ್ಲಿ ಹೆಸರುಗೊಂಡ ಅಂಥ ನಿರ್ದೇಶಕರು. 1894ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ, ಮುಂದೆ ಬ್ರೂನೋ ವಾಲ್ಟರ್ ಎಂದು ಪ್ರಸಿದ್ಧನಾದ ಹದಿನೆಂಟು ವರುಷದ ಯೌವನಸ್ಥನು ಅವರ ಕೈಕೆಳಗೆ ಕೆಲಸಕ್ಕೆ ಬಂದನು. 1896ರಲ್ಲಿ ಅವನು ಬ್ರೆಸ್ಲೌ ಪಟ್ಟಣಕ್ಕೆ ಹೋದರೂ ಸ್ನೇಹವು ತುಂಡಾಗಲಿಲ್ಲ. ಗುರುವಿನ ಪತ್ರಗಳು ಅವನನ್ನು ಹಿಂಬಾಲಿಸಿದವು.

1907ರಲ್ಲಿ ಮಾಲರರ ನಾಲ್ಕು ವರುಷದ ಮಗಳು ತೀರಿಕೊಂಡಳು. ಅವರಿಗೂ ಹೃದಯದ ರೋಗವಿರುವದು ತಿಳಿದುಬಂತು. ಮರುವರುಷ ಅವರು ವಾಲ್ಟರನಿಗೆ ಬರೆದು, ಬಾಳಿನ ಕೊನೆಯಲ್ಲಿ ನಿಲ್ಲುವದನ್ನೂ ನಡೆಯುವದನ್ನೂ ಹೊಸಬನ ಹಾಗೆ ತಾವು ಕಲಿಯಬೇಕಾಯಿತೆಂದು ಒಪ್ಪಿಕೊಂಡರು. ನೋಡಿರಿ, ಕಲಿಸುವವನೇ ಕಿರಿಯನ ಮುಂದೆ ಕಲಿಯುವವನಾದನು! 1911ರ ಮೇ 18ರಂದು ಮಾಲರರು ತೀರಿಕೊಂಡರು. ಗುರುವು ತನ್ನ ಕಿವಿಯಿಂದ ಕೇಳದೆ ಬಿಟ್ಟುಹೋದ ‘ಭೂಮಿಯ ಗೀತ’ವನ್ನು ಅದೇ ವರುಷದ ನವೆಂಬರ್ 20ರಂದು ಮ್ಯೂನಿಕ್ ಪಟ್ಟಣದಲ್ಲಿ ವಾಲ್ಟರನೇ ಮೊದಲು ನಡಿಸಿದನು.

ಸೆರೆಯಲ್ಲಿದ್ದ ಪೌಲನೂ ತಿಮೊಥೆಯನಿಗೆ ಬರೀ ಬುದ್ಧಿ ಹೇಳಲಿಲ್ಲ. ತನ್ನನ್ನು ಹಲವರು ಬಿಟ್ಟುಹೋದರೆಂದು ತಿಳಿಸಿ, ಚಳಿಗಾಲಕ್ಕೆ ಮುಂಚೆ ಬರಬೇಕೆಂದೂ ತನ್ನ ಮೇಲಂಗಿಯನ್ನು ತರಬೇಕೆಂದೂ ಬೇಡಿಕೊಂಡನಲ್ಲವೇ? ತನ್ನ ಕೊರತೆಯನ್ನು ಮರೆಮಾಡುವ ಹಿರಿಯನು ಕಿರಿಯನಿಗೆ ಭಯವನ್ನು ಕಲಿಸುವನು. ಅದನ್ನು ಬಿಚ್ಚಿ ಹೇಳುವವನು ಧೈರ್ಯವನ್ನು ಕೊಡುವನು. ನಮ್ಮ ಬಸವಣ್ಣ ಕಾಲುವೆಯ ನೀರನ್ನು ಮೇಲಿನ ಗದ್ದೆಯವನು ತಡೆದರೆ ಕೆಳಗಿನ ಗದ್ದೆಯು ಒಣಗದೆ ಇರುವದೋ?

ಆ ರಾತ್ರಿಯೇ ಕೂತು ಬರೆದೆವು: “ತಮ್ಮಾ, ನಮ್ಮ ತಾಳವೂ ತಪ್ಪಿತು, ಈಗಲೂ ತಪ್ಪುತ್ತದೆ. ಮೊದಲ ಸಾಲನ್ನು ನೀನೊಬ್ಬನೇ ಹಾಡು. ಹಿಂದೆ ಬೀಳುವ ಮುದುಕಿಯು ಉಸಿರು ತೆಗೆದುಕೊಳ್ಳುವ ತನಕ ಕಾದುಕೋ. ಬಿಡಬೇಡ. ಬರುವ ಆದಿತ್ಯವಾರ ಬಂದು ನೀನು ಕಲಿತ ಹೊಸ ರಾಗವನ್ನು ನಮಗೂ ಕಲಿಸು.”

ಪ್ರಿಯರೇ, ನೀವು ಉತ್ತರ ಕೊಡದ ಪತ್ರವು ಯಾವದು? ನಿಮ್ಮ ಮಾತಿಗಾಗಿ ಕಾಯುವ ಕಿರಿಯನು ಯಾರು? ಈ ಹೊತ್ತೇ ಬರೆಯಿರಿ. ಕರ್ತನು ನಿಮ್ಮ ಕೈಯನ್ನು ಬಲಪಡಿಸಲಿ. ಆಮೆನ್.