ಎಲೆ ಹಿಡಿದ ಕೈ ಯಾರದು?

ಅರವತ್ತೆಂಟು ವರ್ಷ ತುಂಬುವ ತನಕ ನಮ್ಮ ದೊಡ್ಡಪ್ಪ ಇಸ್ಪೀಟ್ ಎಲೆ ಮುಟ್ಟಿದವರಲ್ಲ. ಗುಡಗೇರಿಯ ನಮ್ಮ ಓಣಿಯಲ್ಲಿ ಆಟದ ಮಂಡಿ ಕೂತರೆ ಆ ದಾರಿ ಬಿಟ್ಟು ಸುತ್ತಿ ಬರುತ್ತಿದ್ದರು. ಅಂಥವರು ಒಂದು ವರ್ಷದಲ್ಲಿ ಎರಡು ಎಕರೆ ಮೆಣಸಿನಕಾಯಿಯ ದುಡ್ಡನ್ನು ಅಂದರ್ ಬಾಹರ್‌ನಲ್ಲಿ ಕಳೆದರು. ಅದು ಸಾಲದ್ದಕ್ಕೆ ದೊಡ್ಡವ್ವನಿಗೆ ತಿಳಿಯದಂತೆ ಸಾಲವನ್ನೂ ಮಾಡಿದರು. ಮುಪ್ಪಿನ ಕಾಲಕ್ಕೆ ಬುದ್ಧಿ ಕೆಟ್ಟಿತು ಅಂದಿತು ಊರು.

ಆಟ ಶುರುವಾಗುವ ಕೆಲವು ತಿಂಗಳ ಹಿಂದೆ ಪಾರ್ಕಿನ್ಸನ್ ಕಾಯಿಲೆಗೆ ಅವರ ಗುಳಿಗೆ ಹೆಚ್ಚಿಸಲಾಗಿತ್ತು. ಎರಡಕ್ಕೂ ಸಂಬಂಧವಿರಬಹುದೆಂದು ನಮಗಾರಿಗೂ ಹೊಳೆಯಲಿಲ್ಲ. ಬೇರೊಬ್ಬ ವೈದ್ಯರು, "ಇತ್ತೀಚೆಗೆ ಜೂಜು, ಖರ್ಚು ಏನಾದರೂ ಹೆಚ್ಚಾಗಿದೆಯೇ?" ಎಂದು ಕೇಳಿದಾಗ ದೊಡ್ಡವ್ವ ಅಲ್ಲೇ ಅತ್ತುಬಿಟ್ಟಳು.

ಈ ಕಾಯಿಲೆಯ ರಸಾಯನದ ಕಥೆಯಲ್ಲಿ ನಮ್ಮ ನೆಲದ ಗಿಡಗಳೂ ಇವೆ. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧದ ಬೇರಿನಿಂದ ಬಂದ ಔಷಧ. ಮೊಲಗಳು ಅಲುಗಾಡದೆ ಬಿದ್ದವು. ಲೆವೊಡೋಪಾ ಚುಚ್ಚಿದಾಗ ಮತ್ತೆ ಎದ್ದವು. ಮಿದುಳಿನಲ್ಲಿ ಡೋಪಮಿನ್ ತಾನೇ ಕೆಲಸ ಮಾಡುವ ವಸ್ತು ಎಂಬ ಅರಿವು ಅಲ್ಲಿಂದ ಬೆಳೆಯಿತು. 2000ದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಡೋಪಮಿನ್ ಬತ್ತಿರುವುದನ್ನು 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ತೋರಿಸಿದರು. ಅದೇ ಲೆವೊಡೋಪಾ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿದೆ. ಚಿಕ್ಕಂದಿನಲ್ಲಿ ಒಬ್ಬರ ಬೆನ್ನಿಗೊಬ್ಬರು ತಿಕ್ಕಿ ತುರಿಕೆ ಹಚ್ಚುತ್ತಿದ್ದ ಕಾಯಿ ಅದು.

ದೊಡ್ಡಪ್ಪನಿಗೆ ಕೊಟ್ಟದ್ದು ಡೋಪಮಿನ್ನಿನ ವೇಷ ಹಾಕಿ ಅದರ ಜಾಗದಲ್ಲಿ ಕೂರುವ ಇನ್ನೊಂದು ಬಗೆಯ ಗುಳಿಗೆ. ಚಲನೆಯ ದಾರಿಯಲ್ಲಷ್ಟೇ ಅಲ್ಲ, ಆಸೆಯ ದಾರಿಯಲ್ಲೂ ಡೋಪಮಿನ್ನಿಗೆ ಕೆಲಸವಿದೆ. 2010ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನ ಹೇಳುವಂತೆ ಇಂಥ ಗುಳಿಗೆ ತೆಗೆದುಕೊಳ್ಳುವವರಲ್ಲಿ ಶೇ. 17.1 ಮಂದಿಗೆ ಜೂಜು, ಅತಿ ಖರೀದಿ, ಅತಿ ಕಾಮ, ಅತಿ ತಿನ್ನುವಿಕೆ ಇವುಗಳಲ್ಲಿ ಒಂದಾದರೂ ಹಿಡಿತ ತಪ್ಪಿತ್ತು. ತೆಗೆದುಕೊಳ್ಳದವರಲ್ಲಿ ಅದು ಶೇ. 6.9.

ವೈದ್ಯರು ಗುಳಿಗೆಯನ್ನು ಹಂತಹಂತವಾಗಿ ಇಳಿಸಿದರು. ಆಟವೂ ಇಳಿಯಿತು, ಎರಡು ತಿಂಗಳಲ್ಲಿ ನಿಂತೇ ಹೋಯಿತು. ಈ ಅಂಕಿಗಳನ್ನೆಲ್ಲ ಓದಿಕೊಂಡು ನಾನು ದೊಡ್ಡ ಬಿಡುಗಡೆಯ ಪತ್ರ ತಂದವನಂತೆ ಅವರ ಮುಂದೆ ಕೂತೆ. "ದೊಡ್ಡಪ್ಪಾ, ಅದು ನಿನ್ನ ತಪ್ಪಲ್ಲ. ಗುಳಿಗಿ ಮಾಡಿದ್ದು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ಕೈ ನಡಗೂದು ನಾ ಅಲ್ಲೋ ತಮ್ಮಾ. ಬ್ಯಾಡ ಅಂದ್ರೂ ನಡಗತೈತಿ. ಎಲಿ ಹಿಡಿದದ್ದು ಹಂಗಲ್ಲ. ನಂಗ ಬೇಕಾಗಿತ್ತು."

ಒಳಗಿಂದ ದೊಡ್ಡವ್ವ, "ಗುಳಿಗಿ ಆಡಿದ್ರ ಗುಳಿಗೀನ ಸಾಲ ತೀರಸ್ತದೇನು?" ಅಂದಳು.

ನನ್ನ ವಾದದ ಬುಡವನ್ನೇ ಅವರು ಅಲುಗಿಸಿದ್ದರು. ನಡುಕ ಇಚ್ಛೆಗೆ ವಿರುದ್ಧವಾಗಿ ಬರುತ್ತದೆ, ಅದನ್ನು ರೋಗದ ಲೆಕ್ಕಕ್ಕೆ ಬರೆಯುವುದು ಸುಲಭ. ಗುಳಿಗೆ ಮಾಡಿದ್ದು ಇಚ್ಛೆಯನ್ನೇ ಬೇರೆಯಾಗಿ ಹೊಲಿದದ್ದು. ಒಳಗಿನಿಂದ ನೋಡಿದವನಿಗೆ ಅದು ತನ್ನದೇ ಆಸೆಯಾಗಿ ಕಂಡಿತು. ಅದನ್ನು ನಿನ್ನದಲ್ಲ ಅಂದರೆ ನಿನ್ನದು ಅನ್ನಲು ಏನು ಉಳಿಯುತ್ತದೆ? ಆಟದ ಮಂಡಿ ಬಳಸಿ ಹೋದ ಅರವತ್ತೆಂಟು ವರ್ಷಗಳ ಸಂಯಮವೂ ಯಾವುದೋ ರಸಾಯನದ ಹದವೇ ತಾನೆ? ಆಗ ನಾವು ಡೋಪಮಿನ್ನನ್ನು ಹೊಗಳಲಿಲ್ಲ, ದೊಡ್ಡಪ್ಪನನ್ನು ಹೊಗಳಿದೆವು.

ಹಾಗಂತ ಅವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪಲಾರೆ. ಅದೇ ಗುಳಿಗೆ ನುಂಗಿಯೂ ಎಲೆ ಮುಟ್ಟದವರೇ ಹೆಚ್ಚು ಅನ್ನುವುದು ನಿಜ. ಆದರೆ ಯಾರ ಮೇಲೆ ಅದು ಹೀಗೆ ಕೆಲಸ ಮಾಡೀತು ಅನ್ನುವುದನ್ನು ಅವರೇನೂ ಆರಿಸಿಕೊಂಡಿರಲಿಲ್ಲ. ಊರು ಅವರನ್ನು ಲಫಂಗ ಅಂದದ್ದು ಅನ್ಯಾಯ, ಈಗಲೂ ಅನ್ನುವವರೊಡನೆ ಜಗಳಾಡುತ್ತೇನೆ. ಸಾಲ ಮಾತ್ರ ಬೇರೆ ವಿಷಯ. ನಿಂದೆಯಿಲ್ಲದೆಯೂ ಹೊಣೆ ಇರಬಹುದು ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ಎರಡು ಸುಗ್ಗಿಯ ದುಡ್ಡಿನಲ್ಲಿ ಸಾಲ ತೀರಿತು. ಗುಳಿಗೆ ಇಳಿಸಿದ್ದರಿಂದ ನಡುಕ ಮರಳಿತ್ತು. ಕೊನೆಯ ಕಂತಿನ ದಿನ ನೋಟು ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು. ನಾನು ಕೈ ಚಾಚಿದೆ. ಕೊಡಲಿಲ್ಲ, ಮೊದಲಿನಿಂದ ಎಣಿಸಿದರು.