ಒಂದೇ ಮೂಗಿನ ಸಾಕ್ಷಿ

ಅಡುಗೆ ಅನಿಲಕ್ಕೆ ತನ್ನದೆಂಬ ವಾಸನೆಯಿಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಹೊಡೆಯುವುದು ಈಥೈಲ್ ಮರ್ಕ್ಯಾಪ್ಟನ್. ಸೋರಿಕೆ ಮನೆಯವರಿಗೆ ತಿಳಿಯಲೆಂದೇ ಅದನ್ನು ಬೆರೆಸಿರುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಯಾರಿಗೂ ಗೊತ್ತಾಗದೆ ತುಂಬಿಕೊಂಡು ಸ್ಫೋಟಿಸಿತು. ಸತ್ತವರು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನು ಅಲ್ಲಿ ಬಂದದ್ದು ಆಮೇಲೆ. ಇಂದು ಮುಂಬಯಿಯ ಪ್ರತಿ ಅಡುಗೆಮನೆಯೂ ಮೂಗು ಹೇಳಿದರೆ ಕೇಳಬೇಕು ಎಂಬ ನಂಬಿಕೆಯ ಮೇಲೆ ನಿಂತಿದೆ. 'ಗ್ಯಾಸ್ ವಾಸನೆ' ಎಂದು ಮನೆಯಲ್ಲಿ ಯಾರು ಕೂಗಿದರೂ ಉಳಿದವರು ಮೊದಲು ರೆಗ್ಯುಲೇಟರ್ ಮುಚ್ಚುತ್ತಾರೆ, ಮಾತು ಆಮೇಲೆ.

ಜುಲೈ ತಿಂಗಳಲ್ಲಿ ಅದೇ ಮನೆಯಲ್ಲಿ ಒಬ್ಬಳು 'ಕಪಾಟಿನ ಹಿಂದೆ ಬೂಷ್ಟು ಹಿಡಿದಿದೆ, ಮುಗ್ಗಲು ವಾಸನೆ ಬರ್ತಿದೆ' ಎಂದರೆ ಬರುವ ಉತ್ತರ ಬೇರೆ: 'ನಮಗ್ಯಾರಿಗೂ ಬರ್ತಾ ಇಲ್ಲವಲ್ಲ!' ಹೇಳಿದವಳು ರಾಸಾಯನಿಕಗಳು ಮೈಗೆ ಒಗ್ಗದವಳಾದರೆ, ಫಿನಾಯಿಲಿಗೂ ಊದುಬತ್ತಿಗೂ ತಲೆ ಸಿಡಿದು ಉಸಿರು ಬಿಗಿಯುವವಳಾದರೆ, ಅವಳ ಮಾತಿನ ಬೆಲೆ ಇನ್ನಷ್ಟು ಇಳಿಯುತ್ತದೆ. 'ಅವಳಿಗೆ ಎಲ್ಲದರಲ್ಲೂ ವಾಸನೆಯೇ.' ನಾನು ಅಂಥವಳು. ಒಬ್ಬರ ಮೂಗಿಗೆ ಮಾತ್ರ ಹತ್ತಿದ ವಾಸನೆಯನ್ನು ತಿಳಿವಳಿಕೆ ಎಂದು ಕರೆಯಬಹುದೇ ಎನ್ನುವುದು ನನ್ನ ಪ್ರಶ್ನೆ. ಕರೆಯಬಹುದು ಎನ್ನುವುದು ನನ್ನ ನಿಲುವು. ಆದರೆ ಅದಕ್ಕೊಂದು ಎಲ್ಲೆಯಿದೆ.

2019ರ ಸೆಪ್ಟೆಂಬರ್ 19ರ ರಾತ್ರಿ ಮುಂಬಯಿಯ ಚೆಂಬೂರು, ಘಾಟ್ಕೋಪರ್, ಪೊವಾಯಿ, ಅಂಧೇರಿಯ ಜನ ಅನಿಲದ ವಾಸನೆಯೆಂದು ಗಾಬರಿಗೊಂಡು ಫೋನಿನ ಮೇಲೆ ಫೋನು ಮಾಡಿದರು. ಅಗ್ನಿಶಾಮಕ ದಳ ಓಡಿತು, ಮಹಾನಗರ ಗ್ಯಾಸಿನವರು ಕೊಳವೆಗಳನ್ನು ತಪಾಸಿಸಿದರು. ಆ ರಾತ್ರಿ ಸೋರಿಕೆ ಎಲ್ಲೂ ಸಿಗಲಿಲ್ಲ. ಹಾಗೆಂದು ಅಷ್ಟೊಂದು ಜನರ ಮೂಗು ಸುಳ್ಳೆಂದು ತಳ್ಳಿಹಾಕಲು ಆಗುತ್ತಿರಲಿಲ್ಲ. ಒಬ್ಬರಿಗೊಬ್ಬರ ಗುರುತಿಲ್ಲದವರು, ಬೇರೆ ಬೇರೆ ಬಡಾವಣೆಗಳವರು ಒಂದೇ ಮಾತು ಹೇಳಿದ್ದರು. ಸಂಖ್ಯೆಗೆ ತೂಕ ಬರುವುದು ಸಾಕ್ಷಿಗಳು ಹೀಗೆ ಒಬ್ಬರನ್ನೊಬ್ಬರು ಅವಲಂಬಿಸದಿದ್ದಾಗ. ಒಂದೇ ಕೋಣೆಯ ಗಾಳಿಯನ್ನು ವಾರಗಟ್ಟಲೆ ಉಸಿರಾಡಿದ ಮನೆಮಂದಿಯ 'ಇಲ್ಲ'ಗಳನ್ನು ಹಾಗೆ ಎಣಿಸಲು ಬರುವುದಿಲ್ಲ. ಹೆಚ್ಚಿನ ವಾಸನೆಗಳು ಕೆಲವು ನಿಮಿಷಗಳಲ್ಲಿ ಮೂಗಿಗೆ ರೂಢಿಯಾಗಿ ಮಂಕಾಗುತ್ತವೆ. ಅವರ 'ಇಲ್ಲ'ಗಳು ಎಷ್ಟೇ ಇರಲಿ, ಹುಟ್ಟಿದ್ದು ಆ ಒಂದೇ ರೂಢಿಯಿಂದ.

ಕಾಣದ್ದರಿಂದ ಇಲ್ಲ ಎನ್ನುವ ಈ ತರ್ಕವನ್ನು ನಮ್ಮ ಮೀಮಾಂಸಕರು ಬಹಳ ಹಿಂದೆಯೇ ಜಾಲಾಡಿದ್ದಾರೆ. ಕುಮಾರಿಲ ಭಟ್ಟನ ಪಂಥ ಅನುಪಲಬ್ಧಿಯನ್ನೂ, ಅಂದರೆ ಕಾಣದಿರುವುದನ್ನೂ, ತಿಳಿವಳಿಕೆಯ ಒಂದು ಪ್ರಮಾಣವೆಂದು ಒಪ್ಪುತ್ತದೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಆ ಪರಂಪರೆ ಇದಕ್ಕೊಂದು ಕಟ್ಟಳೆ ಹಾಕಿತು: ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಷ್ಟು ಬೆಳಕಿರಬೇಕು, ಕಣ್ಣು ಸರಿಯಿರಬೇಕು. ಕತ್ತಲಲ್ಲಿ ನಿಂತವನ 'ಕಾಣಲಿಲ್ಲ' ಏನನ್ನೂ ಸಾಧಿಸುವುದಿಲ್ಲ. ರೂಢಿಯಾದ ಮೂಗು ಕತ್ತಲಲ್ಲಿ ನಿಂತ ಕಣ್ಣು. ಮೇ ತಿಂಗಳಲ್ಲಿ ಬೀಗ ಹಾಕಿ ಊರಿಗೆ ಹೋಗಿ, ಶಾಲೆ ಶುರುವಾಗುವ ಹೊತ್ತಿಗೆ ಮರಳುವ ನಮ್ಮ ಮುಂಬಯಿ ಕನ್ನಡಿಗರಿಗೆ ಇದು ಗೊತ್ತಿರುವ ಸಂಗತಿಯೇ. ಬಾಗಿಲು ತೆರೆದ ಕ್ಷಣ ಎಲ್ಲರೂ ಮೂಗು ಮುಚ್ಚುತ್ತಾರೆ. ಸಂಜೆಯ ಹೊತ್ತಿಗೆ ಯಾರಿಗೂ ಏನೂ ಬಡಿಯುವುದಿಲ್ಲ. ವಾಸನೆ ಹೋಗಿಲ್ಲ, ಅದನ್ನು ಹಿಡಿಯುವ ಯೋಗ್ಯತೆ ಹೋಗಿದೆ.

ಹಾಗಾದರೆ ಅದೇ ಗಾಳಿಯಲ್ಲಿರುವ ನನ್ನ ಮೂಗಿಗೇಕೆ ರೂಢಿಯಾಗುವುದಿಲ್ಲ ಎಂದು ಕೇಳುವುದು ನ್ಯಾಯವೇ. ನನ್ನಂಥವರದು ನಾಯಿಮೂಗು ಎಂಬ ಮಾತಿದೆ, ಅದು ನಿಜವಲ್ಲ. ಅಳೆದು ನೋಡಿದ ಪರೀಕ್ಷೆಗಳಲ್ಲಿ ನಮ್ಮ ಮೂಗು ಉಳಿದವರದಕ್ಕಿಂತ ಚುರುಕೆಂದು ಕಂಡಿಲ್ಲ. ವ್ಯತ್ಯಾಸವಿರುವುದು ಒಗ್ಗಿಕೊಳ್ಳುವುದರಲ್ಲಿ. ಉಳಿದವರ ಗಮನ ಬೇರೆ ಕಡೆ ಹರಿದುಹೋದಾಗ ನನ್ನ ಗಂಟಲು ಬಿಗಿಯುತ್ತಲೇ ಇರುತ್ತದೆ, ಗಮನವನ್ನು ಅಲ್ಲೇ ಕಟ್ಟಿಹಾಕುತ್ತದೆ.

ಎಲ್ಲೆಯಿರುವುದೂ ಇಲ್ಲೇ. ರಾಸಾಯನಿಕಗಳು ಮೈಗೆ ಒಗ್ಗದ ಈ ಸ್ಥಿತಿಗೆ 1987ರಲ್ಲಿ ಹೆಸರು ಕೊಟ್ಟವರು ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ಕಲ್ಲನ್. ಇಂಥವರಿಗೆ ರಾಸಾಯನಿಕವನ್ನೂ ಬರಿಯ ಗಾಳಿಯನ್ನೂ ಕೊಟ್ಟು ನೋಡಿದ 37 ಪ್ರಯೋಗಗಳನ್ನು 2006ರಲ್ಲಿ ಒಟ್ಟಿಗಿಟ್ಟು ಪರಿಶೀಲಿಸಿದವರು, ಯಾವುದು ಯಾವುದೆಂದು ಗುರುತು ಸಿಕ್ಕಾಗಲೇ ಮೈ ಕೆಡುವುದು ಹೆಚ್ಚು ಎಂಬ ತೀರ್ಮಾನಕ್ಕೆ ಬಂದರು. ನೋವು ಸುಳ್ಳೆಂದು ಇದರ ಅರ್ಥವಲ್ಲ. ಆದರೆ ನಾನು ಇದನ್ನು ಬದಿಗೆ ಸರಿಸಲಾರೆ. 'ವಾಸನೆ ಬರುತ್ತಿದೆ' ಎಂಬ ನನ್ನ ಒಂದು ಮಾತಿನಲ್ಲಿ ಎರಡು ಹೇಳಿಕೆಗಳು ಅಂಟಿಕೊಂಡಿರುತ್ತವೆ: ಅಲ್ಲಿ ಬೂಷ್ಟು ಇದೆ ಎಂಬುದು ಒಂದು, ಅದು ನನ್ನನ್ನು ಕೆಡಿಸುತ್ತಿದೆ ಎಂಬುದು ಇನ್ನೊಂದು. ಎಷ್ಟು ಹಾನಿ ಎಂದು ತೀರ್ಪು ಕೊಡುವ ಅಧಿಕಾರ ನನ್ನ ಮೂಗಿಗಿಲ್ಲ. ಎಲ್ಲಿ ಎನ್ನುವುದನ್ನು ಮಾತ್ರ ಅದು ಹೇಳಬಲ್ಲದು, ಮತ್ತು ಅದನ್ನು ಯಾರಾದರೂ ಕಪಾಟು ಸರಿಸಿ ನೋಡಬಹುದು.

'ಎಲ್ಲಿ' ಎನ್ನುವುದು ಸಣ್ಣ ಸಂಗತಿಯಲ್ಲ. ಮೊದಲ ಮಳೆಗೆ ಏಳುವ ಮಣ್ಣಿನ ಘಮದಲ್ಲಿ ಜಿಯೋಸ್ಮಿನ್ ಎಂಬ ವಸ್ತುವಿದೆ. ಲಕ್ಷ ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗವಿದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಕನೌಜಿನಲ್ಲಿ ಆ ಘಮವನ್ನು ಇಳಿಸಿ ಅತ್ತರು ಮಾಡುತ್ತಾರೆ. ಅದೇ ಜಿಯೋಸ್ಮಿನ್, ಜೊತೆಗೆ ಅಣಬೆಯ ವಾಸನೆಯ ಆಕ್ಟೆನಾಲ್, ಮನೆಯೊಳಗೆ ಬಂದರೆ ಯಾವುದೋ ಗೋಡೆ ನೀರು ಕುಡಿದಿದೆ ಎಂದರ್ಥ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದರಲ್ಲೇ ಸರಾಸರಿ 800 ಮಿಲಿಮೀಟರಿಗೂ ಮಿಕ್ಕಿ ಮಳೆ. ಗಾಳಿಯ ತೇವ ಶೇಕಡ 80ರ ಮೇಲೆ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಪ್ಲೈವುಡ್ ಕಪಾಟು, ಹಾಸಿಗೆ ತುಂಬಿದ ಪೆಟ್ಟಿಗೆ ಮಂಚ, ಒಳಗೇ ಹಗ್ಗಕ್ಕೆ ಹರವಿದ ಬಟ್ಟೆ. ಬೂಷ್ಟು ಕಣ್ಣಿಗೆ ಬೀಳುವ ಮೊದಲು ಇಂಥ ಸಂದುಗಳಲ್ಲೇ ಬೆಳೆದಿರುತ್ತದೆ. ಫಿನ್ಲೆಂಡಿನ ಎಸ್ಪೂ ನಗರದ ಮಕ್ಕಳನ್ನು ಆರು ವರ್ಷ ಗಮನಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದೆ ಅಸ್ತಮಾ ಬರುವುದರೊಂದಿಗೆ ಗಟ್ಟಿಯಾಗಿ ತಳುಕು ಹಾಕಿಕೊಂಡದ್ದು ಕಣ್ಣಿಗೆ ಕಂಡ ಬೂಷ್ಟಲ್ಲ, ಹೆತ್ತವರು ಹೇಳಿದ ಬೂಷ್ಟಿನ ವಾಸನೆ.

ಆದ್ದರಿಂದಲೇ ವಾಸನೆಯನ್ನು ಮುಚ್ಚುವ ನಮ್ಮ ಉಪಾಯಗಳು ನನಗೆ ಭಯ ಹುಟ್ಟಿಸುತ್ತವೆ. ಕಪಾಟಿಗೆ ಡಾಂಬರು ಗುಳಿಗೆ, ಬಚ್ಚಲಿಗೆ ಫಿನಾಯಿಲು, ಪಡಸಾಲೆಗೆ ರೂಮ್ ಫ್ರೆಶ್ನರ್. ಇವು ಕೂಡಲೇ ನನ್ನ ಮೈಗೆ ತಾಗುತ್ತವೆ ಎನ್ನುವುದು ಒಂದು ಸಂಕಟ. ಅದಕ್ಕಿಂತ ದೊಡ್ಡದು, ಇವು ಸಾಕ್ಷಿಯ ಬಾಯಿ ಕಟ್ಟುತ್ತವೆ. ನೀರು ಇಳಿಯುತ್ತಲೇ ಇರುತ್ತದೆ, ಹೇಳುವವರು ಇರುವುದಿಲ್ಲ.

ವಾಸನೆ ಇದೆಯೆಂದು ಒಪ್ಪಿಕೊಳ್ಳಲು ಇರುವ ಹಿಂಜರಿಕೆಗೆ ಹಣದ ಕಾರಣವೂ ಇದೆ. ವಸತಿ ಸೊಸೈಟಿಯ ಮಾದರಿ ನಿಯಮಗಳ ಪ್ರಕಾರ ಟೆರೇಸಿನಿಂದ, ಹೊರಗೋಡೆಯಿಂದ ಇಳಿಯುವ ಮಳೆನೀರಿನ ದುರಸ್ತಿ ಸೊಸೈಟಿಯದು. ಮನೆಯೊಳಗಿನ ಬಚ್ಚಲು, ಸಿಂಕಿನ ಸೋರಿಕೆ ಆಯಾ ಮನೆಯವರದು. ವಾಸನೆ ಎಲ್ಲಿಂದ ಎಂದು ತಿಳಿದ ಕೂಡಲೇ ಖರ್ಚು ಯಾರದು ಎಂಬುದೂ ತಿಳಿಯುತ್ತದೆ. ಕಪಾಟು ಸರಿಸಲು ಯಾರೂ ಮುಂದಾಗದಿರುವುದರಲ್ಲಿ ಮೂಗಿನ ಪಾಲೆಷ್ಟು, ಜೇಬಿನ ಪಾಲೆಷ್ಟು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಅಕ್ಟೋಬರ್ ಬಿಸಿಲಿಗೆ ಗೋಡೆ ಒಣಗುತ್ತದೆ. ಬೆಳೆಯುವುದು ನಿಂತ ಬೂಷ್ಟು ವಾಸನೆ ಬಿಡುವುದೂ ಕಡಿಮೆ. ಆದರೆ ಒಣಗಿದ ಅದರ ಕಣಗಳು ಅಲರ್ಜಿ ಎಬ್ಬಿಸುವ ಗುಣವನ್ನು ಬಿಟ್ಟಿರುವುದಿಲ್ಲ. ಅಷ್ಟರಲ್ಲಿ ದೀಪಾವಳಿಗೆ ಬಣ್ಣ ಬಳಿಸುವ ಮಾತು ಬರುತ್ತದೆ, ಕಲೆ ಬಣ್ಣದಡಿ ಸೇರುತ್ತದೆ. ಆಮೇಲೆ ಸೊಸೈಟಿ ಸಭೆಯಲ್ಲಿ ದೂರು ಹೇಳಹೊರಟರೆ ತೋರಿಸಲು ಕಲೆಯೂ ಇಲ್ಲ, ಮೂಸಿಸಲು ವಾಸನೆಯೂ ಇಲ್ಲ. ಮನೆಯಲ್ಲಿ ಒಬ್ಬಳು ಜುಲೈಯಲ್ಲಿ 'ಇಲ್ಲಿ' ಎಂದು ಬೆರಳು ತೋರಿಸಿದಾಗ, ಅವಳ ಕಾಯಿಲೆಯ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಕಪಾಟನ್ನು ಜುಲೈಯಲ್ಲೇ ಸರಿಸಬೇಕು, ದೂರಿನ ಕಾಗದವನ್ನು ಜುಲೈಯಲ್ಲೇ ಕೊಡಬೇಕು.